ಗಳಿಗೆಬಟ್ಟಲೂ ಗಣಕಯಂತ್ರದ ಕಾಲಗಣನೆಯೂ

ಸಹ್ಯಾದ್ರಿಯ ಶ್ರೇಣಿಯಲ್ಲಿ ಸುಮಾರು 1890 ಮೀಟರು ಎತ್ತರಕ್ಕೆ ನಿಂತಿರುವ ಕುದುರೆಮುಖವು ಪಡುವಣ ಕಡಲಿನ ನಾವಿಕರಿಗೆ ಬಹುಕಾಲದಿಂದ ಗುರುತಿನ ಶಿಖರವಾಗಿದ್ದಿತು. ಅದರ ಮೂಡಣ ಮಗ್ಗುಲಿನಲ್ಲಿ ಭದ್ರೆಯ ದಡದ ಕಳಸವೂ, ಅದರಾಚೆಗೆ ಮೂಡಿಗೆರೆಯ ಕಾಫಿತೋಟಗಳೂ ಇರುವುವು. ಈ ಸೀಮೆಯಲ್ಲಿ ಸೂರ್ಯನನ್ನು ನೋಡಿ ಹೊತ್ತನ್ನರಿಯುವುದು ಬಯಲುಸೀಮೆಯಲ್ಲಿರುವಷ್ಟು ಸುಲಭವಲ್ಲ. ಮಳೆಗಾಲದ ತಿಂಗಳುಗಳಲ್ಲಿ ಮೋಡವು ಬಾನನ್ನು ದಿನಗಟ್ಟಲೆ ಮುಚ್ಚಿರುವುದು. ಬಾನು ತಿಳಿಯಾಗಿರುವಾಗಲೂ ಗುಡ್ಡದ ನೆತ್ತಿಯನ್ನು ದಾಟಿ ಬಿಸಿಲು ಕಣಿವೆಗಿಳಿಯುವುದು ತಡವಾಗಿಯೇ. ಶಂಕುವಿನ ನೆರಳು ದೊರೆಯದ ಇಂಥ ಹೊತ್ತುಗಳಿಗಾಗಿ ನಮ್ಮ ದೇಶದ ಜ್ಯೋತಿಷಗ್ರಂಥಗಳು ಹೇಳಿರುವ ಉಪಕರಣವೇ ಗಳಿಗೆಬಟ್ಟಲು.

ಅದರ ರಚನೆ ಬಹು ಸರಳವಾದುದು. ತಾಮ್ರದ ಬಟ್ಟಲಿನ ತಳಕ್ಕೆ ಸಣ್ಣದೊಂದು ರಂಧ್ರವನ್ನು ಮಾಡಿ ತಿಳಿನೀರಿನ ಪಾತ್ರೆಯಲ್ಲಿ ತೇಲಬಿಟ್ಟರೆ, ನೀರು ಒಳಸೇರಿ ಬಟ್ಟಲು ಮುಳುಗುವುದು. ಒಂದು ಅಹೋರಾತ್ರದಲ್ಲಿ ಅದು ಅರುವತ್ತು ಸಲ ಮುಳುಗತಕ್ಕದ್ದೆಂದು ಸೂರ್ಯಸಿದ್ಧಾಂತದಲ್ಲಿ ಹೇಳಿದೆ. ಹೀಗೆ ಒಂದು ಮುಳುಗಿಗೆ ಒಂದು ಗಳಿಗೆ, ಎಂದರೆ 24 ನಿಮಿಷ. ಈ ಉಪಕರಣದಲ್ಲಿ ಎರಡು ಕೆಲಸಗಳು ಬೆರೆತುಕೊಂಡಿರುವುವು. ಕಾಲವನ್ನು ಎಣಿಸುವುದು ಒಂದು. ನಿಯತವಾದ ಹೊತ್ತು ಬಂದೊಡನೆ ಕರೆದು ಹೇಳುವುದು ಇನ್ನೊಂದು. ಬಟ್ಟಲು ಮುಳುಗಿದುದೇ ಎಣಿಕೆ, ಮುಳುಗಿದುದೇ ಕರೆ. ಕಾವಲು ಕುಳಿತವನು ತೂಕಡಿಸಿದರೆ ಕರೆಯು ತಪ್ಪುವುದಲ್ಲದೆ ಎಣಿಕೆಯೂ ಕೆಡುವುದು. ಬಟ್ಟಲು ತಳದಲ್ಲಿ ಎಷ್ಟು ಹೊತ್ತು ಬಿದ್ದಿತ್ತೆಂಬುದನ್ನು ನೀರು ಹೇಳಲಾರದು. ಗಣಕಯಂತ್ರಗಳ ಒಳಗಿನ ಕಾಲಗಣನೆಯಲ್ಲಿಯೂ ಬಹುಕಾಲ ಇದೇ ದೋಷವಿದ್ದಿತು. ಅದನ್ನು ತಿದ್ದಿದ ಬಗೆಯನ್ನು ಪರಿಶೀಲಿಸಿದರೆ, ಹಳೆಯ ಉಪಕರಣವನ್ನು ಎಸೆಯದೆ ಅದರ ಲೆಕ್ಕವನ್ನು ಮಾತ್ರ ಹೊಸತುಮಾಡುವ ಮಾರ್ಗವು ಸ್ಪಷ್ಟವಾಗುವುದು.

ಈ ಮಾರ್ಗವು ಹೊಸದೇನೂ ಅಲ್ಲ. ಸಿದ್ಧಾಂತಕಾರರು ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯನ್ನು ಮೂಲವೆಂದಿಟ್ಟುಕೊಂಡು, ಉಳಿದ ಊರುಗಳಿಗೆ ದೇಶಾಂತರ ಸಂಸ್ಕಾರವನ್ನು ವಿಧಿಸಿದರು. ಕುದುರೆಮುಖವು ಆ ರೇಖೆಗೆ ಸುಮಾರು ಅರ್ಧ ಅಂಶದಷ್ಟು ಮಾತ್ರ ಪಡುವಣಕ್ಕಿರುವುದರಿಂದ ಇಲ್ಲಿಯ ಸಂಸ್ಕಾರವು ಎರಡು ನಿಮಿಷ, ಎಂದರೆ ಐದು ವಿಗಳಿಗೆ. ಬ್ರಿಟಿಷರ ಕಾಲದಲ್ಲಿ ರೈಲುದಾರಿಗಳು ಮದರಾಸಿನ ವೇಧಶಾಲೆಯ ಕಾಲವನ್ನು ಹಿಡಿದುವು. ಅದು ಕುದುರೆಮುಖದ ಸೂರ್ಯನಿಗಿಂತ ಸುಮಾರು 20 ನಿಮಿಷ ಮುಂದೆ. 1906ರ ಜನವರಿ 1ರಿಂದ ಭಾರತದ ಪ್ರಮಾಣಕಾಲವು ಜಾರಿಗೆ ಬಂದಿತು; ಆಗ ಅಂತರವು ಸುಮಾರು 29 ನಿಮಿಷವಾಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರ ವರೆಗೆ, ಗಡಿಯಾರಗಳನ್ನು ಇನ್ನೊಂದು ಗಂಟೆ ಮುಂದಕ್ಕೆ ತಿರುಗಿಸಿದುದರಿಂದ ಅದು ಒಂದೂವರೆ ಗಂಟೆಯ ಸಮೀಪಕ್ಕೆ ಹೋಯಿತು. ಇಷ್ಟು ಸಲ ಪ್ರಮಾಣವು ಬದಲಾದರೂ ಗಳಿಗೆಯ ಬಟ್ಟಲಾಗಲಿ ಗೋಡೆಯ ಗಡಿಯಾರವಾಗಲಿ ಬೇರೊಂದು ಆಗಬೇಕಾಗಲಿಲ್ಲ. ಎಣಿಕೆಗೆ ಕೂಡಿಸತಕ್ಕ ಅಂಕೆಯು ಬದಲಾಯಿತು, ಅಷ್ಟೆ. ಎಣಿಕೆಯೂ ಅದರ ಅರ್ಥವೂ ಬೇರೆ ಬೇರೆ ಎಂಬ ಈ ತಿಳಿವಳಿಕೆಯೇ ಮುಂದಿನ ವಿಷಯಕ್ಕೆ ಆಧಾರವಾದುದು.

1981ರಲ್ಲಿ ಬಂದ ಐಬಿಎಂ ಪಿಸಿ ಎಂಬ ಯಂತ್ರದಲ್ಲಿ ಇಂಟೆಲ್ 8253 ಎಂಬ ಟೈಮರ್ ಚಿಪ್ಪು ಇದ್ದಿತು. ಅದು ಸೆಕೆಂಡಿಗೆ ಸುಮಾರು 11,93,182 ಸಲ ಎಣಿಸುವುದು. ಆದರೆ ಅದರ ಎಣಿಕೆಯ ಪಾತ್ರೆಯು 65,536ಕ್ಕೆ ತುಂಬಿಹೋಗುವುದು. ಎಂದರೆ ಈ ಬಟ್ಟಲು ಸೆಕೆಂಡಿನ ಹದಿನೆಂಟರಲ್ಲಿ ಒಂದು ಪಾಲಿಗೆ ಒಮ್ಮೆ ಮುಳುಗತಕ್ಕದ್ದು. 1991ರಲ್ಲಿ ಆರಂಭವಾದ ಲಿನಕ್ಸ್ ಎಂಬ ಕಾರ್ಯನಿರ್ವಾಹಕ ವ್ಯವಸ್ಥೆಯು ಇದೇ ಚಿಪ್ಪನ್ನು ಸೆಕೆಂಡಿಗೆ ನೂರು ಸಲ ಕರೆಯುವಂತೆ ಅಳವಡಿಸಿಕೊಂಡಿತು. ಪ್ರತಿಯೊಂದು ಕರೆಗೂ ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ಕಾಲದ ಲೆಕ್ಕಕ್ಕೆ ಒಂದನ್ನು ಕೂಡಿಸಿ, ಮತ್ತೆ ಕೆಲಸಕ್ಕೆ ತೊಡಗುವುದು.

ಈ ಕ್ರಮದಲ್ಲಿ ಮೂರು ಕೊರತೆಗಳು ಕಂಡುಬಂದುವು. ಮೊದಲನೆಯದು, ಭಾಗಾಕಾರದ ಶೇಷ. ನೂರನೆಯ ಒಂದು ಸೆಕೆಂಡಿಗೆ 11,932 ಎಣಿಕೆಗಳೆಂದು ಹಿಡಿಯಬೇಕಾಗುವುದು. ಅದು ನಿಜವಾದ ಪ್ರಮಾಣಕ್ಕಿಂತ ಕಿಂಚಿತ್ ಹೆಚ್ಚು. ಸಂಸ್ಕಾರವಿಲ್ಲದೆ ಬಿಟ್ಟರೆ ದಿನಕ್ಕೆ ಸುಮಾರು 1.3 ಸೆಕೆಂಡು ಹಿಂದೆ ಬೀಳುವುದು. ಎರಡನೆಯದು, ತಪ್ಪಿದ ಕರೆ. ಪ್ರೊಸೆಸರು ಬೇರೊಂದು ತುರ್ತಿನಲ್ಲಿದ್ದು ಒಂದು ಕರೆಯನ್ನು ಕೇಳದೆ ಹೋದರೆ, ಆ ಪಾಲು ಕಾಲವೇ ಲೆಕ್ಕದಿಂದ ಜಾರಿಹೋಗುವುದು. ಇದು ತೂಕಡಿಸಿದ ಕಾವಲುಗಾರನ ಅವಸ್ಥೆಯೇ ಸರಿ. ಮೂರನೆಯದು, ವೃಥಾ ಎಚ್ಚರ. ಮಾಡುವ ಕೆಲಸವೇನೂ ಇಲ್ಲದಿದ್ದರೂ ಯಂತ್ರವು ಸೆಕೆಂಡಿಗೆ ನೂರು ಸಲ ಏಳಲೇಬೇಕು. ಇದರಿಂದ ಬ್ಯಾಟರಿಯ ಶಕ್ತಿಯು ವ್ಯರ್ಥವಾಗುವುದು. 2003ರ ಕೊನೆಯಲ್ಲಿ ಹೊರಬಂದ 2.6ನೆಯ ಆವೃತ್ತಿಯಲ್ಲಿ ಪಿಸಿಗಳ ಮಟ್ಟಿಗೆ ಕರೆಗಳನ್ನು ಸೆಕೆಂಡಿಗೆ ಸಾವಿರಕ್ಕೇರಿಸಿದುದರಿಂದ ಕಾಲದ ಸೂಕ್ಷ್ಮತೆಯೇನೋ ಹೆಚ್ಚಿತು. ಎರಡನೆಯ ಮೂರನೆಯ ಕೊರತೆಗಳೂ ಅದರೊಡನೆ ಬೆಳೆದುವು.

ಪರಿಹಾರವು 2005ರಿಂದ 2007ರ ವರೆಗಿನ ಅವಧಿಯಲ್ಲಿ ರೂಪುಗೊಂಡಿತು. ಜಾನ್ ಸ್ಟಲ್ಟ್ಸ್ ಮೊದಲಾದವರು ಎಣಿಕೆಯ ಭಾಗವನ್ನು ಪ್ರತ್ಯೇಕಿಸಿದರು. ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಕರೆಯ ಭಾಗವನ್ನು ಪ್ರತ್ಯೇಕಿಸಿದರು. ಮೊದಲನೆಯದಕ್ಕೆ ‘ಕ್ಲಾಕ್‌ಸೋರ್ಸ್’ ಎಂದೂ ಎರಡನೆಯದಕ್ಕೆ ‘ಕ್ಲಾಕ್ ಇವೆಂಟ್’ ಎಂದೂ ಹೆಸರಾಯಿತು. ಕ್ಲಾಕ್‌ಸೋರ್ಸ್ ಯಾರನ್ನೂ ಕರೆಯದು. ತನ್ನಷ್ಟಕ್ಕೆ ಎಣಿಸುತ್ತಿದ್ದು, ಕೇಳಿದಾಗ ಅಂಕೆಯನ್ನು ಒಪ್ಪಿಸುವುದು. ಹಿಂದೆ ಓದಿದ ಅಂಕೆಗೂ ಈಗ ಓದಿದ ಅಂಕೆಗೂ ಇರುವ ಅಂತರವನ್ನು ಒಂದು ಗುಣಕದಿಂದ ಗುಣಿಸಿ ಕಾಲವನ್ನು ಪಡೆಯಬೇಕು. ಕ್ಲಾಕ್ ಇವೆಂಟ್ ಎಣಿಕೆಯ ಭಾರವನ್ನು ಹೊರದು. ಇಂತಿಷ್ಟು ಹೊತ್ತಿಗೆ ಒಮ್ಮೆ ಕರೆ ಎಂದರೆ ಕರೆಯುವುದು. ಈ ವಿಭಾಗವಾದ ಮೇಲೆ ಕರೆಯೊಂದು ತಡವಾದರೂ ಕಾಲವು ಕೆಡುವುದಿಲ್ಲ. ಕೆಲಸವಿಲ್ಲದಿರುವಾಗ ಮುಂದಿನ ಅಗತ್ಯದ ವರೆಗೆ ಯಂತ್ರವು ನಿದ್ರಿಸಬಹುದು. 2007ರ ಏಪ್ರಿಲಿನಲ್ಲಿ ಹೊರಬಂದ 2.6.21ನೆಯ ಆವೃತ್ತಿಯಲ್ಲಿ ಸಾಮಾನ್ಯ ಪಿಸಿಗಳಿಗೆ ಈ ಸೌಕರ್ಯವು ದೊರೆಯಿತು.

ಹೊಸ ಕ್ರಮವು ಹಳೆಯ ಯಂತ್ರಕ್ಕೆ ಹೇಗೆ ಒಗ್ಗಿತೆಂಬುದಕ್ಕೆ ಕನ್ನಡನಾಡಿನ ಒಂದು ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಅಧ್ಯಾಪಕರೂ ಎನ್ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಸ್ವಂತ ಗಣಕಯಂತ್ರವನ್ನು ಕೊಳ್ಳಲಾರದ ಹಳ್ಳಿಯವರು ಹಲವರು ಸೇರಿ ಬಳಸಬಹುದಾದ ಅಂಗೈಯಗಲದ ಯಂತ್ರವೊಂದನ್ನು ನಿರ್ಮಿಸುವುದು ಅವರ ಉದ್ದೇಶವಾಗಿದ್ದಿತು. ಈ ಸಿಂಪ್ಯೂಟರು ನಡೆಯುತ್ತಿದ್ದುದು ಲಿನಕ್ಸಿನಿಂದ. ಅದರ ಪ್ರೊಸೆಸರು ಸ್ಟ್ರಾಂಗ್‌ಆರ್ಮ್ ಎಂಬ ಬಳಗದ ಎಸ್‌ಎ-1110. ಈ ಚಿಪ್ಪಿನೊಳಗಿನ ಎಣಿಕೆಯಂತ್ರವು ಸೆಕೆಂಡಿಗೆ 36,86,400 ಸಲ ಎಣಿಸುವುದು. ಅದರ ಪಾತ್ರೆಯು 32 ಬಿಟ್ಟುಗಳದು. ಆದಕಾರಣ ಅದು ತುಂಬಿ ಸೊನ್ನೆಗೆ ಮರಳುವುದು 19 ನಿಮಿಷ 25 ಸೆಕೆಂಡಿಗೆ ಒಮ್ಮೆ. ಗಳಿಗೆಬಟ್ಟಲಿನ 24 ನಿಮಿಷಕ್ಕೆ ಇದು ಎಷ್ಟು ಸಮೀಪವೆಂಬುದು ಗಮನಾರ್ಹವಾಗಿದೆ.

ಹಳೆಯ ಕ್ರಮದಲ್ಲಿ ಈ ಯಂತ್ರವು 36,864 ಎಣಿಕೆಗಳಿಗೊಮ್ಮೆ ಪ್ರೊಸೆಸರನ್ನು ಎಬ್ಬಿಸುತ್ತಿದ್ದಿತು. ಹೊಸ ಕ್ರಮವು ಬಂದ ಮೇಲೆ ಇದೇ ಚಿಪ್ಪಿಗೆ ಕ್ಲಾಕ್‌ಸೋರ್ಸ್, ಕ್ಲಾಕ್ ಇವೆಂಟ್ ಎಂಬ ಎರಡು ರೂಪಗಳನ್ನೂ ಬರೆದರು. ಲೋಹದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. 19 ನಿಮಿಷ 25 ಸೆಕೆಂಡಿನೊಳಗೆ ಒಮ್ಮೆಯಾದರೂ ಅಂಕೆಯನ್ನು ಓದಿದರೆ ಸಾಕು, ಲೆಕ್ಕವು ತಪ್ಪದು. ಆದರೂ ಒಂದು ಎಚ್ಚರಿಕೆಯು ಅವಶ್ಯವಾಗಿದ್ದಿತು. ಎಣಿಕೆಯು ಗೊತ್ತುಮಾಡಿದ ಅಂಕೆಗೆ ಸರಿಸಮವಾದಾಗ ಮಾತ್ರ ಈ ಚಿಪ್ಪು ಕರೆಯುವುದು. ತೀರ ಸಮೀಪದ ಹೊತ್ತನ್ನು ಗೊತ್ತುಮಾಡಲು ಹೋಗಿ, ಬರೆಯುವಷ್ಟರಲ್ಲಿಯೇ ಎಣಿಕೆಯು ಆ ಅಂಕೆಯನ್ನು ದಾಟಿಬಿಟ್ಟರೆ, ಮುಂದಿನ ಕರೆಯು ಪಾತ್ರೆಯೆಲ್ಲ ತುಂಬಿ ಮರಳಿದ ಮೇಲೆಯೇ. ಕ್ಷಣಮಾತ್ರದಲ್ಲಿ ಬರತಕ್ಕ ಕರೆಯು ಹತ್ತೊಂಬತ್ತು ನಿಮಿಷ ಕಳೆದು ಬರುವುದು! ಇದನ್ನು ತಡೆಯಲು, ಅಂಕೆಯನ್ನು ಬರೆದೊಡನೆ ಎಣಿಕೆಯನ್ನು ಮತ್ತೆ ಓದಿ, ಹೊತ್ತು ಮೀರಿದ್ದರೆ ಹಾಗೆಂದು ತಿಳಿಸುವ ಪರೀಕ್ಷೆಯನ್ನು ಸೇರಿಸಿದರು. ಹಳೆಯ ಉಪಕರಣದ ಸ್ವಭಾವವನ್ನು ಬಲ್ಲವರಿಗೆ ಮಾತ್ರ ತೋಚತಕ್ಕ ಸಂಸ್ಕಾರವಿದು.

ಎಲ್ಲ ಯಂತ್ರಗಳೂ ಹೀಗೆ ಸುಲಭವಾಗಿ ಒಗ್ಗಲಿಲ್ಲ. ಮೋಟೊರೋಲಾ 68000 ಬಳಗದ ಅಮಿಗಾ, ಅಟಾರಿ, ಹಳೆಯ ಮೆಕಿಂಟಾಷ್ ಮೊದಲಾದುವುಗಳಲ್ಲಿ ಎಣಿಕೆಯನ್ನು ಪ್ರತ್ಯೇಕಿಸಿದರೂ ಕರೆಯು ನಿಯತಕಾಲಿಕವಾಗಿಯೇ ಉಳಿಯಿತು. 2021ರ ಫೆಬ್ರವರಿಯಲ್ಲಿ ಹೊರಬಂದ 5.11ನೆಯ ಆವೃತ್ತಿಯಲ್ಲಿ ಇಂಥ ಯಂತ್ರಗಳಿಗಾಗಿ ಹಳೆಯ ಕರೆಯ ಕ್ರಮವನ್ನು ಒಂದು ಪ್ರತ್ಯೇಕ ವಿಭಾಗವಾಗಿ ಉಳಿಸಿಕೊಟ್ಟರು. ಅದೇ ಆವೃತ್ತಿಯಲ್ಲಿ ಇಬಿಎಸ್‌ಎ-110 ಎಂಬ ಹಲಗೆಯ ಭಾಗವನ್ನು ತೆಗೆದುಹಾಕಿದರು. ಅದು ಸಿಂಪ್ಯೂಟರಿನ ಪ್ರೊಸೆಸರಿಗೆ ಜ್ಞಾತಿಯಾದ ಎಸ್‌ಎ-110 ಚಿಪ್ಪಿನದು. ಕಾಲವನ್ನು ಹೇಳುವ ಹಳೆಯ ವಿಧಾನವೊಂದನ್ನು ಕೊನೆಯ ವರೆಗೆ ಹಿಡಿದುಕೊಂಡಿದ್ದುದು. ಅದನ್ನು ಬಳಸುವವರು ಉಳಿದಿರಲಿಲ್ಲ. ಇವೆರಡನ್ನು ಹೋಲಿಸಿ ನೋಡಿದರೆ ಒಂದು ತತ್ತ್ವವು ಹೊರಪಡುವುದು. ಹಳೆಯ ಯಂತ್ರವು ಉಳಿಯುವುದು ಅದರ ಲೋಹದ ಗಟ್ಟಿತನದಿಂದಲೇ ಅಲ್ಲ. ಅದನ್ನು ಇಟ್ಟುಕೊಂಡು, ಪ್ರತಿಯೊಂದು ತಿದ್ದುಪಡಿಯನ್ನೂ ಅದರ ಮೇಲೆ ಪರೀಕ್ಷಿಸಿ ನೋಡುವ ಜನರಿಂದ.

ಇನ್ನು ಉಳಿದಿರುವುದು ಬಹುಕಾಲದ ಎಣಿಕೆಯ ಪ್ರಶ್ನೆ. ಹಿಂದಿನ ಜ್ಯೋತಿಷಿಗಳು ಯುಗಾದಿಯಿಂದ ಕಳೆದ ದಿನಗಳ ಮೊತ್ತವನ್ನು ಅಹರ್ಗಣವೆಂದು ಕರೆದರು. ಆ ಮೊತ್ತವು ಬೆಳೆದಂತೆ ಗುಣಾಕಾರ ಭಾಗಾಕಾರಗಳು ಭಾರವಾದುವು. ನಂದಿಗ್ರಾಮದ ಗಣೇಶ ದೈವಜ್ಞನು ಕ್ರಿ.ಶ. 1520ನ್ನು ಆರಂಭವಾಗಿಟ್ಟುಕೊಂಡ ತನ್ನ ಗ್ರಹಲಾಘವದಲ್ಲಿ ಇದಕ್ಕೊಂದು ಉಪಾಯವನ್ನು ಕಂಡನು. ಹನ್ನೊಂದು ವರ್ಷಗಳ, ಎಂದರೆ 4016 ದಿನಗಳ, ಒಂದೊಂದು ಚಕ್ರವನ್ನು ಕಲ್ಪಿಸಿ, ಮುಗಿದ ಚಕ್ರಗಳನ್ನು ಬೇರೆಯಾಗಿ ಎಣಿಸಿ, ಉಳಿದ ದಿನಗಳನ್ನು ಮಾತ್ರ ಅಹರ್ಗಣವಾಗಿ ಹಿಡಿದನು. ಪಾತ್ರೆಯು ಚಿಕ್ಕದಾದರೂ, ತುಂಬಿದ ಸಲಗಳನ್ನು ಬರೆದಿಡಲು ಪಕ್ಕದಲ್ಲಿ ಸ್ಥಳವಿದ್ದಿತು.

ಗಣಕಯಂತ್ರಗಳ ಅಹರ್ಗಣವು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಮೊತ್ತ. 32 ಬಿಟ್ಟುಗಳ ಯಂತ್ರಗಳಲ್ಲಿ ಅದನ್ನಿಡುವ ಪಾತ್ರೆಯು ಭಾರತದ ಪ್ರಮಾಣಕಾಲದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುವುದು. ಪಕ್ಕದಲ್ಲಿ ಬರೆದಿಡುವ ಸ್ಥಳವಿಲ್ಲದ ಯಂತ್ರವು ಮರುಕ್ಷಣದಲ್ಲಿ 1901ರ ಡಿಸೆಂಬರಿಗೆ ಹಿಂದಿರುಗುವುದು. 2020ರಲ್ಲಿ ಹೊರಬಂದ 5.6ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿ 32 ಬಿಟ್ಟುಗಳ ಯಂತ್ರಗಳಿಗೂ 64 ಬಿಟ್ಟುಗಳ ಕಾಲಪಾತ್ರೆಯು ದೊರೆತಿದೆ. ಆದರೆ ಕರ್ನಲ್ ಒಂದನ್ನು ತಿದ್ದಿದರೆ ಸಾಲದು. ಅದರ ಮೇಲೆ ನಡೆಯುವ ಗ್ರಂಥಾಲಯಗಳನ್ನೂ ಪ್ರೋಗ್ರಾಮುಗಳನ್ನೂ ಹೊಸ ಪಾತ್ರೆಗೆ ತಕ್ಕಂತೆ ಮತ್ತೆ ಸಿದ್ಧಗೊಳಿಸಬೇಕು. ಹಾಗೆ ಮಾಡದೆ ಬಿಟ್ಟ ಯಂತ್ರಗಳು ದೃಢವಾಗಿದ್ದರೂ ಆ ದಿನ ಕೆಲಸಕ್ಕೆ ಬಾರದಾಗುವುವು.

ಆ ಬೆಳಗ್ಗೆ ಕುದುರೆಮುಖದ ಸೂರ್ಯನ ಮಧ್ಯಮಮಾನದಂತೆ ಹೊತ್ತು ಎಂಟೂಕಾಲು ಗಂಟೆ ಮಾತ್ರವಾಗಿರುವುದು. ಬೆಟ್ಟದ ಹೊತ್ತಿಗೂ ರಾಜ್ಯದ ಹೊತ್ತಿಗೂ ನಡುವಣ 29 ನಿಮಿಷಗಳನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಒಂದು ಸಂಕಲನದಿಂದಲೇ ಸರಿದೂಗಿಸಿಕೊಂಡು ಬಂದಿದ್ದಾರೆ. ಎಣಿಕೆಯನ್ನು ಎಣಿಕೆಯಾಗಿಯೂ ಕರೆಯನ್ನು ಕರೆಯಾಗಿಯೂ ಬೇರೆಬೇರೆಯಾಗಿಟ್ಟು, ತುಂಬಿದ ಪಾತ್ರೆಗಳ ಲೆಕ್ಕವನ್ನು ಬರೆದಿಟ್ಟುಕೊಂಡರೆ, ಹಳೆಯ ಬಟ್ಟಲಿನಿಂದಲೂ ಸರಿಯಾದ ಹೊತ್ತನ್ನು ಪಡೆಯಬಹುದೆಂಬುದು ಈ ಚರಿತ್ರೆಯಿಂದ ಸಿದ್ಧವಾಗುವುದು. ಅದಕ್ಕೆ ಬೇಕಾದುದು ನೀರಿನ ಬಳಿ ಎಚ್ಚರವಾಗಿ ಕುಳಿತಿರುವ ಒಬ್ಬನು.