ಪೇಟೆಗೆ ಬಂದ ಹಕ್ಕಿ

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಇಲ್ಲಿನ ಪೇಟೆಯ ಒಂದು ಕಟ್ಟಳೆಯನ್ನು ಬರೆದಿಟ್ಟಿದ್ದಾನೆ. ಬೇಟೆಯ ಪ್ರಾಣಿ, ಪಕ್ಷಿಗಳನ್ನು ಜೀವಂತವಾಗಿಯೇ ಮಾರಬೇಕು; ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಾಗಬೇಕು. ಅವನಿಗಿಂತ ಮೊದಲು ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಕೌಜುಗ, ಲಾವಕ್ಕಿ, ಪಾರಿವಾಳಗಳ ಮಾರಾಟವನ್ನು ಕಂಡವನು. ಅಲ್ಲಿ ಮಾರುತ್ತಿದ್ದದ್ದು ಊಟದ ಹಕ್ಕಿಗಳು, ಮುದ್ದಿನ ಗಿಳಿಗಳಲ್ಲ. ಆದರೂ ಆ ಕಟ್ಟಳೆಯ ನ್ಯಾಯ ಯಾರ ಕಡೆಗಿತ್ತು ಎಂಬುದನ್ನು ಗಮನಿಸಬೇಕು. ಅದು ಗಿರಾಕಿಯನ್ನು ಮೋಸದಿಂದ ಕಾಯುತ್ತಿತ್ತು. ಹಕ್ಕಿಯ ಪಾಲಿಗೆ ಅದರಲ್ಲಿ ಏನೂ ಇರಲಿಲ್ಲ. ವಿರೂಪಾಕ್ಷನ ಎದುರಿನ ಹಂಪಿ ಬಜಾರಿನ ಕಲ್ಲುಕಂಬದ ಸಾಲುಗಳಲ್ಲಿ ಇಂದು ವ್ಯಾಪಾರವಿಲ್ಲ, ಆದರೆ ಗಿರಾಕಿಯ ಕಣ್ಣಿನಿಂದಲೇ ಹಕ್ಕಿಯನ್ನು ನೋಡುವ ರೂಢಿ ನಮ್ಮನ್ನು ಬಿಟ್ಟಿಲ್ಲ.

ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು ಇಂದು ಅಪರಾಧ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ಅದನ್ನು ಕಾಯುತ್ತವೆ. ಬಹುಕಾಲ ಈ ಬೇಲಿಯ ಹೊರಗುಳಿದಿದ್ದವು ಪರದೇಶದ ಮಕಾವ್, ಕಾಕಟೂ, ಆಫ್ರಿಕದ ಬೂದುಗಿಳಿ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಇಂಥ ಜೀವಿಗಳ ನೋಂದಣಿಯನ್ನು ಕಡ್ಡಾಯ ಮಾಡಿವೆ. ಅಗತ್ಯದ ಹೆಜ್ಜೆ ಇದು. ಆದರೆ ಒಡೆತನಕ್ಕೆ ಕಾಗದ ಸಿಕ್ಕಿದೊಡನೆ ಸಾಕಣೆಯೂ ಸರಿಯಾಯಿತೆಂದು ತಿಳಿದರೆ ನಾವು ನ್ಯೂನಿಜ್ ಕಂಡ ಪೇಟೆಯಲ್ಲೇ ನಿಂತಂತೆ. ಬೂದುಗಿಳಿ ಗುಂಪಿನಲ್ಲಿ ಬಾಳುವ, ನಲವತ್ತು ವರ್ಷ ದಾಟಿಯೂ ಬದುಕಬಲ್ಲ ಜೀವಿ. ಒಂಟಿಯಾಗಿ ಬೇಸತ್ತರೆ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಕಾಡಿನಿಂದ ಅದನ್ನು ಮಿತಿಮೀರಿ ಹಿಡಿದದ್ದರಿಂದಲೇ 2016ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಠಿಣ ನಿರ್ಬಂಧ ಬಂತು.

ಸಾಕಣೆಯಲ್ಲೇ ಹುಟ್ಟಿದ ಮರಿಗೆ ಕಾಡೇ ಗೊತ್ತಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಅದನ್ನು ತುಂಗಭದ್ರೆಯ ದಂಡೆಯಲ್ಲಿ ಹಾರಿಬಿಡುವುದು ಕರುಣೆಯಲ್ಲ. ಅದು ಹಸಿವಿನಿಂದ ಸಾಯಬಹುದು, ಇಲ್ಲವೇ ಇಲ್ಲಿನ ಹಕ್ಕಿಗಳಿಗೆ ರೋಗ ತರಬಹುದು. ಆದರೆ ಈ ಮಾತು ಸಮರ್ಥಿಸುವುದು ಈಗಾಗಲೇ ಪಂಜರದಲ್ಲಿರುವ ಹಕ್ಕಿಯ ಆರೈಕೆಯನ್ನು, ಹೊಸ ಮರಿಯ ಖರೀದಿಯನ್ನಲ್ಲ. ಗಿಳಿ ಸಾಕುವುದು ನಮ್ಮ ಸಂಪ್ರದಾಯ ಎಂಬ ವಾದವೂ ಇದೆ. ಕೃಷ್ಣದೇವರಾಯ 'ಆಮುಕ್ತಮಾಲ್ಯದ'ದಲ್ಲಿ ಕಾವ್ಯನಾಯಕಿಯಾಗಿಸಿದ ಆಂಡಾಳ್ ಕೈಯಲ್ಲಿ ಗಿಳಿಯಿದೆ, ಹೌದು. ಅವಳ ಊರಾದ ಶ್ರೀವಿಲ್ಲಿಪುತ್ತೂರಿನ ಗುಡಿಯಲ್ಲಿ ಆ ಗಿಳಿಯನ್ನು ದಿನವೂ ಹಸಿ ಎಲೆಗಳಿಂದ, ದಾಳಿಂಬೆ ಹೂವಿನ ಕೊಕ್ಕಿಟ್ಟು ಹೊಸದಾಗಿ ಕಟ್ಟುತ್ತಾರೆ. ಭಕ್ತಿಗೆ ಅಷ್ಟು ಸಾಕಾಗಿರುವಾಗ ನಮ್ಮ ಅಕ್ಕರೆಗೆ ಪಂಜರ ಏಕೆ ಬೇಕು?

ಆದರೆ ಯಾರೋ ಸಾಕಲಾರದೆ ಬಿಟ್ಟ ಹಕ್ಕಿಯನ್ನು ದತ್ತು ಪಡೆಯುವುದು ಬೇರೆಯದೇ ಕೆಲಸ. ಅದು ಪೇಟೆಗೆ ಬೇಡಿಕೆ ಹುಟ್ಟಿಸುವುದಿಲ್ಲ. ಮೈಸೂರಿನ ಶುಕವನದಂಥ ಆಶ್ರಯಗಳು ಅಂಥ ಹಕ್ಕಿಗಳನ್ನು ಸಲಹುತ್ತವೆ, ಆದರೆ ಅವು ಎಷ್ಟನ್ನೆಂದು ಹೊರಬಲ್ಲವು? ದತ್ತು ಪಡೆಯುವವರೂ ರೆಕ್ಕೆ ಬಿಚ್ಚಿ ಹಾರುವಷ್ಟು ಜಾಗ, ಜೊತೆಗಾರ ಹಕ್ಕಿ, ಹಕ್ಕಿಗಳನ್ನು ಬಲ್ಲ ವೈದ್ಯರು ಇದ್ದಾರೆಯೇ ಎಂದು ಮೊದಲೇ ನೋಡಬೇಕು. ತಮ್ಮ ನಂತರ ಅದನ್ನು ನೋಡಿಕೊಳ್ಳುವವರು ಯಾರೆಂದು ಮನೆಯವರೊಡನೆ ಕೂತು ತೀರ್ಮಾನಿಸಿಕೊಳ್ಳಬೇಕು.