ಹಿಮ ಬೆರೆತ ಮಳೆಯಲ್ಲಿ 42 ಕಿಲೋಮೀಟರ್

ಏಪ್ರಿಲ್ ಎಂದರೆ ನಮ್ಮ ಕಡೆ ಕೆಂಡದಂಥ ಬಿಸಿಲು, ಮಾವಿನಕಾಯಿ, ಅಪರೂಪಕ್ಕೊಂದು ಗುಡುಗು ಮಳೆ. ಅಮೆರಿಕದ ಈಶಾನ್ಯ ಮೂಲೆಯ ಬಾಸ್ಟನ್ ನಗರದಲ್ಲಿ ಅದೇ ತಿಂಗಳು ಯಾವ ವೇಷ ಹಾಕಿಕೊಂಡು ಬರುತ್ತದೆಂದು ಯಾರೂ ಹೇಳುವಂತಿಲ್ಲ. ಅಲ್ಲಿನ ಪ್ರಸಿದ್ಧ ಮ್ಯಾರಥಾನ್ ನಡೆಯುವುದು ಆ ತಿಂಗಳಿನಲ್ಲೇ. 1976ರಲ್ಲಿ ಓಟಗಾರರು ಎಷ್ಟು ಬೆಂದುಹೋದರೆಂದರೆ ದಾರಿಯುದ್ದಕ್ಕೂ ಜನರು ಕೊಳವೆ ಹಿಡಿದು ಅವರ ಮೈಮೇಲೆ ನೀರು ಸುರಿಸಬೇಕಾಯಿತು. ಇನ್ನು ಕೆಲವು ವರ್ಷ ಹಿಮ ಬೆರೆತ ಮಳೆ, ಮುಖಕ್ಕೆ ರಾಚುವ ಗಾಳಿ. 1897ರಲ್ಲಿ ಆರಂಭವಾದ ಈ ಸ್ಪರ್ಧೆಯ ಚರಿತ್ರೆಯಲ್ಲಿ ಜನ ಹೆಚ್ಚು ನೆನಪಿಟ್ಟುಕೊಂಡಿರುವುದು ಇಂಥ ಥಂಡಿಯ ದಿನಗಳನ್ನೇ ಎಂಬುದು ವಿಶೇಷ.

1967ರ ಏಪ್ರಿಲ್ 19 ಅಂಥದೊಂದು ದಿನ. ಓಟ ಹೊರಡುವ ಹಾಪ್ಕಿಂಟನ್ ಎಂಬ ಪುಟ್ಟ ಊರಿನಲ್ಲಿ ಬೆಳಗಿನಿಂದಲೇ ಹಿಮ, ಮಳೆ ಎರಡೂ ಒಟ್ಟಿಗೇ ಬೀಳುತ್ತಿದ್ದವು. ಓಟಗಾರರು ಮೈತುಂಬ ದೊಗಳೆ ಉಡುಪು ಹಾಕಿಕೊಂಡು, ತಲೆ ತಗ್ಗಿಸಿ ನಿಂತಿದ್ದರು. ಆ ಗುಂಪಿನಲ್ಲಿ 261ನೇ ಸಂಖ್ಯೆ ಧರಿಸಿದ್ದ ಕೆ.ವಿ. ಸ್ವಿಟ್ಜರ್ ಇಪ್ಪತ್ತರ ಯುವತಿ, ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿನಿ ಎಂಬುದು ಅಧಿಕಾರಿಗಳ ಗಮನಕ್ಕೆ ಬರಲೇ ಇಲ್ಲ. ಚಂದದ ಓಟದ ಉಡುಪನ್ನು ಆಕೆ ಸಿದ್ಧ ಮಾಡಿಕೊಂಡಿದ್ದರು. ಚಳಿಯ ದೆಸೆಯಿಂದ ಅದರ ಮೇಲೆ ಬೂದು ಬಣ್ಣದ ದಪ್ಪ ಅಂಗಿ, ಷರಾಯಿ ಏರಿಸಿಕೊಳ್ಳಬೇಕಾಯಿತು. ಬಿಸಿಲಿದ್ದಿದ್ದರೆ ಗೆರೆಯ ಬಳಿಯೇ ಆಕೆಯನ್ನು ತಡೆದು ನಿಲ್ಲಿಸುತ್ತಿದ್ದರೇನೋ!

ಹೆಣ್ಣು ಮಕ್ಕಳಿಗೆ ದೂರದ ಓಟ ಆಗದು ಎಂಬ ನಂಬಿಕೆ ಆಗ ಬಹಳ ಗಟ್ಟಿಯಾಗಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆದಾಗ, ಓಡಿದವರು ಕುಸಿದು ಬಿದ್ದರೆಂದು ಪತ್ರಿಕೆಗಳು ಇದ್ದದ್ದಕ್ಕಿಂತ ಹೆಚ್ಚಾಗಿ ಬರೆದವು. ಆ ಸ್ಪರ್ಧೆಯನ್ನು ಕೈಬಿಟ್ಟವರು ಮತ್ತೆ ಸೇರಿಸಿದ್ದು 1960ರಲ್ಲಿ. 800 ಮೀಟರ್ ಪಾಡೇ ಹೀಗಿರುವಾಗ ಮ್ಯಾರಥಾನ್ ಮಾತೆಲ್ಲಿ? ಆದರೆ ಬಾಸ್ಟನ್ ಸ್ಪರ್ಧೆಯ ಅರ್ಜಿಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವ ಅಂಕಣವೇ ಇರಲಿಲ್ಲ. ಹೆಂಗಸು ಬಂದಾಳೆಂದು ಯಾರೂ ಎಣಿಸಿರಲಿಲ್ಲ.

ಸ್ವಿಟ್ಜರ್ ಅವರ ಗುರು ಆರ್ನಿ ಬ್ರಿಗ್ಸ್ ವಿಶ್ವವಿದ್ಯಾಲಯದಲ್ಲಿ ಅಂಚೆ ಹಂಚುತ್ತಿದ್ದವರು. ಮೊದಮೊದಲು ಅವರಿಗೂ ನಂಬಿಕೆ ಇರಲಿಲ್ಲ. ಅಭ್ಯಾಸದಲ್ಲಿ ಇಡೀ ದೂರವನ್ನು ಓಡಿ ತೋರಿಸಿದರೆ ಬಾಸ್ಟನ್‌ಗೆ ಕರೆದೊಯ್ಯುವುದಾಗಿ ಮಾತು ಕೊಟ್ಟರು. ಶಿಷ್ಯೆ 26 ಮೈಲಿ ಮುಗಿಸಿ, ಇನ್ನೂ ಐದು ಮೈಲಿ ಓಡೋಣವೆಂದರು. ಸಿರಾಕ್ಯೂಸ್‌ನ ಹಿಮಗಾಲದಲ್ಲೇ ಪಳಗಿದ್ದ ಇವರಿಬ್ಬರಿಗೆ ಬಾಸ್ಟನ್ ಚಳಿ ಹೊಸದೇನಾಗಿರಲಿಲ್ಲ.

ಓಟ ಶುರುವಾಗಿ ಸ್ವಲ್ಪ ದೂರದಲ್ಲೇ ಪತ್ರಕರ್ತರ ವಾಹನ ಪಕ್ಕಕ್ಕೆ ಬಂತು. ಛಾಯಾಗ್ರಾಹಕರು ಹುಡುಗಿಯನ್ನು ಗುರುತಿಸಿದರು. ಸಂಘಟಕರಲ್ಲೊಬ್ಬರಾದ ಜಾಕ್ ಸೆಂಪಲ್ ಕೋಪದಿಂದ ಹಿಂದೆ ಓಡಿ ಬಂದು, ನನ್ನ ಸ್ಪರ್ಧೆಯಿಂದ ಹೊರನಡೆ ಎಂದು ಅಬ್ಬರಿಸುತ್ತ, ಸಂಖ್ಯೆಯ ಚೀಟಿ ಕೀಳಲು ಕೈ ಹಾಕಿದರು. ಜೊತೆಗೆ ಓಡುತ್ತಿದ್ದ ಗೆಳೆಯ ಟಾಮ್ ಮಿಲ್ಲರ್ ಹ್ಯಾಮರ್ ಎಸೆತದ ಕ್ರೀಡಾಪಟು. ಆತ ಭುಜ ಕೊಟ್ಟು ನೂಕಿದ ರಭಸಕ್ಕೆ ಸೆಂಪಲ್ ರಸ್ತೆಯ ಬದಿಗೆ ಹೋಗಿ ಬಿದ್ದರು. ಈ ಜಟಾಪಟಿಯ ಚಿತ್ರಗಳು ಮರುದಿನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು.

ಎಳೆದಾಟದಲ್ಲಿ ಒಂದು ಕೈಗವಸು ಕಳೆದುಹೋಗಿತ್ತು. ಕಾಲಲ್ಲಿ ಬೊಬ್ಬೆ ಎದ್ದಿದ್ದವು. ತಾನು ಅರ್ಧಕ್ಕೆ ನಿಂತರೆ ಹೆಂಗಸರ ಕೈಲಾಗದು ಎಂಬ ಮಾತೇ ನಿಜವಾಗುತ್ತದೆಂದು ಸ್ವಿಟ್ಜರ್ ಓಡುತ್ತಲೇ ಹೋದರು. ಸುಮಾರು 4 ಗಂಟೆ 20 ನಿಮಿಷದಲ್ಲಿ ಗುರಿ ಮುಟ್ಟಿದರು. ಅಮೆರಿಕದ ಹವ್ಯಾಸಿ ಅಥ್ಲೆಟಿಕ್ ಒಕ್ಕೂಟ ಅವರನ್ನು ಹೊರಹಾಕಿತು.

ಅದೇ ಥಂಡಿಯಲ್ಲಿ ಇನ್ನೊಬ್ಬ ಮಹಿಳೆಯೂ ಓಡಿದ್ದರು. ಬಾಬಿ ಗಿಬ್ ಹಿಂದಿನ ವರ್ಷ, 1966ರಲ್ಲಿ, ಪೊದೆಯ ಮರೆಯಲ್ಲಿ ಅಡಗಿದ್ದು ಗುಂಪಿಗೆ ನುಸುಳಿ ಓಟ ಪೂರೈಸಿದ್ದರು. 1967ರಲ್ಲಿ ಅವರು ಸ್ವಿಟ್ಜರ್‌ಗಿಂತ ಸುಮಾರು ಒಂದು ಗಂಟೆ ಮೊದಲೇ ಗುರಿ ಸೇರಿದರು. ಆದರೆ ಅವರ ಎದೆಯ ಮೇಲೆ ಸಂಖ್ಯೆ ಇರಲಿಲ್ಲ, ಅವರ ಮೇಲೆ ಯಾರೂ ಕೈಮಾಡಲಿಲ್ಲ. ಹಾಗಾಗಿ ಚರಿತ್ರೆ ಒಂದು ಚಿತ್ರದ ಹಿಂದೆ ಹೋಯಿತು, ಬೇಗ ಓಡಿದವರು ಹಿಂದುಳಿದರು. ಗಿಬ್ ಅವರ ಗೆಲುವುಗಳಿಗೆ ಸಂಘಟಕರ ಮನ್ನಣೆ ದೊರೆತದ್ದು 1996ರಲ್ಲಿ. ಮಹಿಳೆಯರಿಗೆ ಬಾಸ್ಟನ್ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ. ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಅಂದು ಚೀಟಿ ಕೀಳಲು ಬಂದಿದ್ದ ಸೆಂಪಲ್ ಮುಂದೆ ಸ್ವಿಟ್ಜರ್ ಅವರ ಸ್ನೇಹಿತರೇ ಆದರು.

ಇಷ್ಟಕ್ಕೂ ಚಳಿ ಓಟಗಾರನಿಗೆ ಶತ್ರುವೇ? ಹಾಗೇನಿಲ್ಲ. ಓಡುವ ಸ್ನಾಯುಗಳು ಒಲೆಯಂತೆ ಶಾಖ ಹುಟ್ಟಿಸುತ್ತವೆ. ತಂಪು ಗಾಳಿ ಆ ಶಾಖವನ್ನು ಹೊತ್ತೊಯ್ದರೆ ಅನುಕೂಲವೇ. 1970ರಲ್ಲಿ ಥಂಡಿ ಮಳೆಯಲ್ಲೇ ಇಂಗ್ಲೆಂಡಿನ ರಾನ್ ಹಿಲ್ 2 ಗಂಟೆ 10 ನಿಮಿಷ 30 ಸೆಕೆಂಡಿನಲ್ಲಿ ಓಡಿ ಬಾಸ್ಟನ್ ದಾಖಲೆ ಮುರಿದರು. ಕಷ್ಟ ಬರುವುದು ಚಳಿ, ನೀರು, ಗಾಳಿ ಮೂರೂ ಕೂಡಿದಾಗ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆ ಮೈಗಂಟಿಕೊಂಡರೆ ಬೆಚ್ಚಗಿಡುವ ಬದಲು ಶಾಖವನ್ನು ಹೀರುತ್ತದೆ. ವೇಗ ಇರುವಷ್ಟು ಹೊತ್ತು ಒಲೆ ಉರಿಯುತ್ತದೆ; ದಣಿದು ನಡೆಯತೊಡಗಿದರೆ ಆರುತ್ತದೆ. ಬೆರಳು ಮರಗಟ್ಟುತ್ತವೆ, ನಡುಕ ಹತ್ತುತ್ತದೆ, ಮಾತು ತೊದಲುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಇಂಥ ದಿನ ಮುಂದೆ ಓಡುವವರಿಗಿಂತ ಹಿಂದೆ ಉಳಿದವರ ಪಾಡು ಕಠಿಣ.

2018ರ ಏಪ್ರಿಲ್ 16ರಂದು ಬಾಸ್ಟನ್ ಕಂಡದ್ದು ಇದನ್ನೇ. ಉಷ್ಣತೆ ನಾಲ್ಕೈದು ಡಿಗ್ರಿ, ಜಡಿಮಳೆ, ಎದುರುಗಾಳಿ. ಚಿಕಿತ್ಸೆ ಪಡೆದವರೇ ಎರಡೂವರೆ ಸಾವಿರಕ್ಕೂ ಹೆಚ್ಚು. ನುರಿತ ಓಟಗಾರರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. 2011ರಲ್ಲಿ ಎರಡೇ ಸೆಕೆಂಡಿನಿಂದ ಗೆಲುವು ತಪ್ಪಿಸಿಕೊಂಡಿದ್ದ ಅಮೆರಿಕದ ಡೆಸ್ ಲಿಂಡೆನ್ ಆರಂಭದಲ್ಲೇ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಹೇಗೂ ಬಿಡುವುದೇ ಆದರೆ ಇನ್ನೊಬ್ಬರಿಗಾದರೂ ನೆರವಾಗೋಣವೆಂದು, ಶೌಚಕ್ಕೆ ನಿಂತ ಪ್ರತಿಸ್ಪರ್ಧಿ ಶಲೇನ್ ಫ್ಲ್ಯಾನಗನ್‌ಗಾಗಿ ವೇಗ ತಗ್ಗಿಸಿ ಕಾದರು. ಮುಂದೆ ಇದ್ದವರೆಲ್ಲ ಗಾಳಿಗೆ ಸೋತು ಹಿಂದೆ ಬಿದ್ದಾಗ ಮುನ್ನುಗ್ಗಿದ ಲಿಂಡೆನ್ 2 ಗಂಟೆ 39 ನಿಮಿಷ 54 ಸೆಕೆಂಡಿನಲ್ಲಿ ಗೆದ್ದರು. 1985ರ ನಂತರ ಅಮೆರಿಕದ ಮಹಿಳೆಯೊಬ್ಬರು ಬಾಸ್ಟನ್‌ನಲ್ಲಿ ಗೆದ್ದದ್ದು ಅದೇ ಮೊದಲು. ನಿಧಾನದ ಗೆಲುವೆಂದು ಅಂಕಿ ಅಂಶ ಹೇಳಬಹುದು. ಆ ಮಳೆಯಲ್ಲಿ ನೆಂದವರು ಹೇಳಲಾರರು.

ಪುರುಷರಲ್ಲಿ ಗೆದ್ದವರು ಜಪಾನಿನ ಯೂಕಿ ಕವಾಉಚಿ. ವೃತ್ತಿಪರ ಓಟಗಾರರಲ್ಲ, ಸೈತಾಮ ಪ್ರಾಂತದ ಶಾಲೆಯೊಂದರಲ್ಲಿ ಆಗ ಪೂರ್ಣಾವಧಿಯ ಸರ್ಕಾರಿ ನೌಕರ. ಅದೇ ವರ್ಷ ಜನವರಿ 1ರಂದು ಬಾಸ್ಟನ್ ಸಮೀಪದ ಮಾರ್ಷ್‌ಫೀಲ್ಡ್‌ನಲ್ಲಿ ಸೊನ್ನೆಗಿಂತ ಹದಿನೇಳು ಡಿಗ್ರಿ ಕೆಳಗಿನ ಚಳಿಯಲ್ಲಿ ಮ್ಯಾರಥಾನ್ ಓಡಿದ್ದ ಆಸಾಮಿ! ಹಿಂದಿನ ವರ್ಷದ ವಿಜೇತ, ಕೆನ್ಯಾದ ಜೆಫ್ರಿ ಕಿರುಯಿ ಬಹುದೂರ ಮುಂದಿದ್ದರು. ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಅವರ ಕಾಲು ಸೋತವು. ಕವಾಉಚಿ ಅವರನ್ನು ದಾಟಿ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಓಟ ಮುಗಿಸಿದರು. ಇಂಥ ಹವೆಯೇ ತನಗೆ ಹೇಳಿ ಮಾಡಿಸಿದ್ದು ಎಂಬರ್ಥದಲ್ಲಿ ಆಮೇಲೆ ಹೇಳಿದರು.

ಮಹಿಳೆಯರಲ್ಲಿ ಎರಡನೆಯ ಸ್ಥಾನ ಅರಿಜೋನಾದ ಸಾರಾ ಸೆಲ್ಲರ್ಸ್ ಎಂಬ ಅರಿವಳಿಕೆ ವಿಭಾಗದ ನರ್ಸ್ ಪಾಲಾಯಿತು. ಕೆಲಸದ ಪಾಳಿಯ ಹಿಂದುಮುಂದೆ ಅಭ್ಯಾಸ ಮಾಡುತ್ತಿದ್ದ, ತಮ್ಮದೇ ಹಣದಿಂದ ಪ್ರವೇಶ ಶುಲ್ಕ ಕಟ್ಟಿ ಬಂದಿದ್ದ ಆಕೆಗೆ ಅದು ಎರಡನೆಯ ಮ್ಯಾರಥಾನ್. ಗುರಿ ಮುಟ್ಟಿದಾಗ ತಾವು ಎಷ್ಟನೆಯವರೆಂದು ಆಕೆಗೆ ಗೊತ್ತಿರಲಿಲ್ಲ. ಎರಡನೆಯವರೆಂದು ಅಧಿಕಾರಿಗಳು ತಿಳಿಸಿದಾಗ, ಯಾವುದರಲ್ಲಿ ಎರಡನೆಯವಳು ಎಂದು ತಿಳಿಯದೆ ಅವರನ್ನೇ ಮರಳಿ ಕೇಳಿದರು.