ಸಾಕುಮಗುವಿನ ಹಕ್ಕು: ಮದೀನಾದಿಂದ ಸುಪ್ರೀಂ ಕೋರ್ಟ್‌ವರೆಗೆ

ಹಿಜರಿ 7ನೇ ವರ್ಷ. ಪ್ರವಾದಿ(ಸ) ಉಮ್ರಾ ಮುಗಿಸಿ ಮಕ್ಕಾದಿಂದ ಹೊರಟಿದ್ದರು. ಉಹುದ್‌ನಲ್ಲಿ ಹುತಾತ್ಮರಾದ ಹಝ್ರತ್ ಹಂಝಾ(ರ)ರ ಪುಟ್ಟ ಮಗಳು ಚಿಕ್ಕಪ್ಪನನ್ನು ಕೂಗುತ್ತಾ ಹಿಂದೆಯೇ ಓಡಿಬಂದಳು. ಅಲಿ(ರ) ಅವಳ ಕೈಹಿಡಿದು ಫಾತಿಮಾ(ರ)ರಿಗೆ ಒಪ್ಪಿಸಿದರು. ಆಮೇಲೆ ವಾದ ಶುರುವಾಯಿತು. ಚಿಕ್ಕಪ್ಪನ ಮಗಳು, ಕರೆತಂದವನೂ ನಾನೇ ಎಂದರು ಅಲಿ. ನನಗೂ ಚಿಕ್ಕಪ್ಪನ ಮಗಳೇ, ಮೇಲಾಗಿ ಅವಳ ಖಾಲಾ ನನ್ನ ಮನೆಯಲ್ಲಿದ್ದಾಳೆ ಎಂದರು ಜಅಫರ್(ರ). ಹಂಝಾ ನನಗೆ ಸಹೋದರ ಎಂದರು ಝೈದ್(ರ). ಪ್ರವಾದಿ(ಸ) ಮಗುವನ್ನು ಖಾಲಾಳ ಮಡಿಲಿಗೆ ಕೊಟ್ಟರು. ಖಾಲಾ ತಾಯಿಗೆ ಸಮಾನ ಎಂದರು. ಮೂವರಿಗೂ ಒಂದೊಂದು ಒಳ್ಳೆಯ ಮಾತು ಹೇಳಿ ಸಮಾಧಾನಪಡಿಸಿದರು.

ಗಮನಿಸಿ, ಮಗು ನಮಗೆ ಬೇಡ ಎಂಬ ಜಗಳವಲ್ಲ ಅದು. ವಾದಿಸಿದ ಝೈದ್ ಸ್ವತಃ ಸಾಕುಮಗನಾಗಿ ಬೆಳೆದವರು. ಹೆತ್ತ ತಂದೆ ಹುಡುಕಿಕೊಂಡು ಮಕ್ಕಾಗೆ ಬಂದಾಗ, ಯಾರ ಜೊತೆ ಇರಬೇಕೆಂಬ ಆಯ್ಕೆ ಅವರಿಗೇ ಸಿಕ್ಕಿತ್ತು. ಅವರು ಸಾಕಿದವರನ್ನೇ ಆರಿಸಿಕೊಂಡರು. ಮುಂದೆ ಸೂರಃ ಅಹ್‌ಝಾಬ್ ಅವತೀರ್ಣವಾದ ಮೇಲೆ ಅವರ ಹೆಸರಿನ ಜೊತೆ ಹೆತ್ತ ತಂದೆ ಹಾರಿಸರ ಹೆಸರೇ ಬಂತು. ವಂಶ ಬದಲಿಸಬೇಡಿ ಎಂಬುದಷ್ಟೇ ಆದೇಶ, ಸಾಕಬೇಡಿ ಎಂದಲ್ಲ.

'ಇಸ್ಲಾಮಿನಲ್ಲಿ ದತ್ತು ಇಲ್ಲ, ಆದ್ದರಿಂದ ಕಾಗದವೂ ಬೇಡ' ಎನ್ನುವವರು ನಮ್ಮಲ್ಲಿದ್ದಾರೆ. ಮೊದಲನೆಯದು ಸರಿ. ಎರಡನೆಯದು ಮಗುವಿಗೆ ಮಾಡುವ ಅನ್ಯಾಯ. ನಮ್ಮ ತಾವರೆಕೆರೆ, ಶಿರಾ ಕಡೆ ತಾಯಿ ತೀರಿಕೊಂಡರೆ ನಾನಿಯೋ ಖಾಲಾನೋ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಎಂಟು ಹತ್ತು ವರ್ಷದ ಮೇಲೆ ಇನ್ನೊಂದು ಕಡೆಯವರು ಬಂದು ಕೇಳಿದಾಗ ಸಾಕಿದವರ ಕೈಯಲ್ಲಿ ಏನೂ ಇರುವುದಿಲ್ಲ. ಜಮಾಅತ್‌ನ ಹಿರಿಯರು ಬುದ್ಧಿ ಹೇಳಬಹುದು, ಕೋರ್ಟಿನ ಆದೇಶ ಕೊಡಲಾಗದು.

ದಾರಿ ಹೊಸದೇನಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿಗೆ ಅರ್ಜಿ ಹಾಕಿ ಪಾಲಕರಾಗಬಹುದು. ಅದರ 17ನೇ ಕಲಂ ಮಗುವಿನ ಹಿತವನ್ನು ನೋಡುತ್ತದೆ; ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಪರಿಗಣಿಸಬಹುದು. ಹೆಸರು, ವಂಶ ಬದಲಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಫಾಲತ್‌ಗೆ ಇದು ಹತ್ತಿರ.

1972ರಲ್ಲಿ ಸಂಸತ್ತಿಗೆ ಬಂದ ಎಲ್ಲ ಧರ್ಮದವರ ದತ್ತು ಮಸೂದೆ, ನಮ್ಮವರ ವಿರೋಧದ ನಡುವೆ ಕಾಯ್ದೆಯಾಗಲಿಲ್ಲ. ಆಮೇಲೆ ಬಂದ ಬಾಲನ್ಯಾಯ ಕಾಯ್ದೆ ದತ್ತನ್ನು ಎಲ್ಲರಿಗೂ ತೆರೆಯಿತು. 2014ರ ಫೆಬ್ರವರಿ 19ರಂದು ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮುಸ್ಲಿಮರೂ ಈ ಕಾಯ್ದೆಯಡಿ ದತ್ತು ಪಡೆಯಬಹುದು ಎಂದಿತು. ಶರೀಅತ್ ಹೋಯಿತು ಎಂದು ಗಾಬರಿಯಾದವರುಂಟು. ಆದರೆ ಇದು ಕಡ್ಡಾಯವಲ್ಲ, ತಮ್ಮ ಧರ್ಮದ ನಿಯಮವನ್ನೇ ಪಾಲಿಸುವವರು ಪಾಲಿಸಬಹುದು ಎಂದೂ ಅದೇ ತೀರ್ಪಿನಲ್ಲಿದೆ.

2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬೇರೆ ಕುಟುಂಬವೂ ಮಗುವನ್ನು ಪೋಷಿಸಬಹುದು. ಎಲ್ಲೋ ಸಿಕ್ಕಿದ ಮಗುವನ್ನು ಮಾತ್ರ ಸದ್ದಿಲ್ಲದೆ ಮನೆಯಲ್ಲಿಟ್ಟುಕೊಳ್ಳಬೇಡಿ. 24 ಗಂಟೆಯೊಳಗೆ ಪೊಲೀಸರಿಗೋ 1098ಕ್ಕೋ ತಿಳಿಸಬೇಕು. ಕ್ರಮ ತಪ್ಪಿಸಿ ದತ್ತಿಗಾಗಿ ಮಗುವನ್ನು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಇಲ್ಲವೇ ಎರಡೂ ಆಗಬಹುದು.

ಆಸ್ತಿಯ ವಿಷಯ: ಸಾಕುಮಗುವಿಗೆ ಶರೀಅತ್ ಪ್ರಕಾರ ವಾರಸು ಇಲ್ಲ. ಬದುಕಿರುವಾಗ ಹಿಬಾ ಕೊಡಬಹುದು, ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ನೆರವಿದೆ. ಅರ್ಜಿಯನ್ನು ಸಾಕುತಾಯಿಯ ಹೆಸರಿನಲ್ಲೇ ಹಾಕಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಗುವಿನ ಜನನ ಪತ್ರ, ತಾಯಿಯ ಮರಣ ಪತ್ರ, ಶಾಲೆಯ ದಾಖಲೆ ಜೊತೆಗಿರಲಿ.